ವೆಂಟಿಲೇಟರ್ ಹಾಕೋದು ಗೊತ್ತು, ಇಳಿಸೋರು ಯಾರು?

‘ಇವತ್ತರೆ ತಗೀತಾರೇನು ತಮ್ಮಾ ಆ ಪೈಪು?’

2023ರ ಮಳೆಗಾಲದಲ್ಲಿ ಹನ್ನೊಂದು ದಿನ ನಮ್ಮ ಅತ್ತಿ ದಿನಾ ಬೆಳಗ್ಗೆ ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಇದು. ಮಾವ ಐಸಿಯು ಒಳಗೆ, ನಾವು ಹೊರಗಿನ ಬೆಂಚಿನ ಮೇಲೆ.

ನಮ್ಮದು ಮಸ್ಕಿ ಮತ್ತು ಸಿಂಧನೂರು ನಡುವಿನ ಒಂದು ಹಳ್ಳಿ. ನೀರು ಬಿಡೋ ಪಾಳಿ ಇತ್ತು ಅಂತ ಮಾವ ಆ ರಾತ್ರಿ ಹೊಲದ ಗುಡಿಸಲಲ್ಲೇ ನೆಲಕ್ಕೆ ಚಾಪೆ ಹಾಸಿ ಮಲಗಿದ್ದರು. ಹಾವು ಕಚ್ಚಿದ್ದು ಅವರಿಗೇ ಗೊತ್ತಾಗಲಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು ಶುರುವಾಯಿತು. ಬೆಳಕು ಹರಿಯುವಷ್ಟರಲ್ಲಿ ಕಣ್ಣಿನ ರೆಪ್ಪೆ ಎತ್ತಲು ಆಗುತ್ತಿರಲಿಲ್ಲ, ನಾಲಿಗೆ ತೊದಲುತ್ತಿತ್ತು. ಕ್ರೇಟ್ ಅಂತ ಕರೆಯೋ ಕಟ್ಟುಹಾವಿನ ವಿಷ ಹೀಗೇ ಕೆಲಸ ಮಾಡುತ್ತದೆ. ನೋವಿಲ್ಲ, ಬಾವಿಲ್ಲ, ನರ ಮತ್ತು ಸ್ನಾಯುವಿನ ನಡುವಿನ ಸಂಪರ್ಕವನ್ನೇ ಕತ್ತರಿಸಿಬಿಡುತ್ತದೆ. ಹತ್ತಿರದ ಆಸ್ಪತ್ರೆಯವರು ತಡಮಾಡದೆ ಪ್ರತಿವಿಷ ಕೊಟ್ಟರು. ಉಸಿರು ಸೋಲತೊಡಗಿದಾಗ ಗಂಟಲಿಗೆ ಟ್ಯೂಬ್ ಹಾಕಿ ಆಂಬುಲೆನ್ಸ್ ಹತ್ತಿಸಿದರು. ದೊಡ್ಡ ಊರಿನ ಖಾಸಗಿ ಆಸ್ಪತ್ರೆ ಮುಟ್ಟುವವರೆಗೆ ಒಬ್ಬ ಸ್ಟಾಫ್ ನರ್ಸ್ ಅಂಬು ಬ್ಯಾಗ್ ಒತ್ತುತ್ತಾ ಮಾವನ ಪರವಾಗಿ ಉಸಿರಾಡಿದರು.

ನಾನು ಓದಿದ್ದು ಇನ್‌ಸ್ಟ್ರುಮೆಂಟೇಷನ್ ಇಂಜಿನಿಯರಿಂಗ್. ವೆಂಟಿಲೇಟರ್ ಸ್ಕ್ರೀನ್ ಮೇಲೆ ಓಡುವ ಒತ್ತಡದ ಗೆರೆ, ಗಾಳಿಯ ಹರಿವಿನ ಗೆರೆ ನನಗೆ ಅರ್ಥವಾಗುತ್ತಿದ್ದವು. ಯಂತ್ರ ಏನು ಮಾಡುತ್ತಿದೆ ಅಂತ ಗೊತ್ತಿತ್ತು. ಅತ್ತಿಯ ಪ್ರಶ್ನೆಗೆ ಮಾತ್ರ ಉತ್ತರ ಇರಲಿಲ್ಲ. ಆಮೇಲೆ ಈ ವಿಷಯದ ಬಗ್ಗೆ ಓದುತ್ತಾ, ವೈದ್ಯರನ್ನೂ ನರ್ಸ್‌ಗಳನ್ನೂ ಕೇಳುತ್ತಾ ಹೋದಂತೆ ಒಂದು ಮಾತು ಖಚಿತವಾಯಿತು. ರೋಗಿಯನ್ನು ವೆಂಟಿಲೇಟರ್‌ಗೆ ಹಾಕಲು ಯಂತ್ರ ಬೇಕು. ಇಳಿಸಲು ಮನುಷ್ಯರು ಬೇಕು. ನಮ್ಮ ಸರ್ಕಾರಗಳು ಯಂತ್ರ ಎಣಿಸುತ್ತವೆ, ಮನುಷ್ಯರನ್ನು ಎಣಿಸೋದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಕಡೆ ಯಾರು ಬದುಕುತ್ತಾರೆ ಅನ್ನೋದು ಬಹಳಷ್ಟು ಸಲ ಇಲ್ಲೇ ತೀರ್ಮಾನವಾಗುತ್ತದೆ.

ಹಾಲು ಬಿಡಿಸಿದ ಹಾಗೆ

ವೆಂಟಿಲೇಟರ್‌ನಿಂದ ಇಳಿಸುವುದಕ್ಕೆ ವೈದ್ಯರು ‘ವೀನಿಂಗ್’ ಅನ್ನುತ್ತಾರೆ. ಮಗುವಿಗೆ ತಾಯಿಹಾಲು ಬಿಡಿಸೋದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಮಕ್ಕಳನ್ನು ಸಾಕಿದವರಿಗೆ ಗೊತ್ತು, ಹಾಲು ಬಿಡಿಸೋದು ಒಂದು ದಿನದ ಕೆಲಸ ಅಲ್ಲ. ತೀರಾ ಬೇಗ ಬಿಡಿಸಿದರೆ ಮಗು ಸೊರಗುತ್ತದೆ, ತೀರಾ ತಡವಾದರೆ ಅದಕ್ಕೇ ಅಂಟಿಕೊಳ್ಳುತ್ತದೆ. ಸರಿಯಾದ ಹೊತ್ತು ಯಾವುದು ಅಂತ ತಿಳಿಯಬೇಕಾದರೆ ಮಗುವನ್ನು ದಿನಾ ನೋಡೋರು ಬೇಕು.

ಇಲ್ಲೂ ಅಷ್ಟೇ. ರೋಗಿ ವೆಂಟಿಲೇಟರ್ ಮೇಲೆ ಕಳೆಯುವ ಒಟ್ಟು ಸಮಯದಲ್ಲಿ ಸುಮಾರು ಶೇ 40ರಷ್ಟು ಈ ಇಳಿಸುವ ಪ್ರಕ್ರಿಯೆಗೇ ಹೋಗುತ್ತದೆ ಅಂತ 1990ರ ದಶಕದ ಅಧ್ಯಯನಗಳೇ ಹೇಳಿದ್ದವು. ಬೇಗ ಟ್ಯೂಬ್ ತೆಗೆದರೆ ಮತ್ತೆ ಹಾಕಬೇಕಾಗುತ್ತದೆ. ಟ್ಯೂಬ್ ತೆಗೆದ ನೂರು ಜನರಲ್ಲಿ ಹತ್ತರಿಂದ ಇಪ್ಪತ್ತು ಜನರಿಗೆ ಹೀಗಾಗುತ್ತದೆ, ಅಂಥವರಲ್ಲಿ ಸಾವಿನ ಪ್ರಮಾಣವೂ ಹೆಚ್ಚು. ತಡ ಮಾಡಿದರೆ ಇನ್ನೊಂದು ಕಷ್ಟ. ಟ್ಯೂಬ್ ಇದ್ದಷ್ಟು ದಿನವೂ ಶ್ವಾಸಕೋಶಕ್ಕೆ ಸೋಂಕು ಇಳಿಯುವ ಅಪಾಯ ಏರುತ್ತಾ ಹೋಗುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತಾ ಹೋಗುತ್ತವೆ.

ಸ್ನಾಯು ಎಷ್ಟು ಬೇಗ ಸೋಲುತ್ತದೆ ಗೊತ್ತಾ? ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಅನ್ನೋ ಸ್ನಾಯು ನಾವು ಹುಟ್ಟಿದಾಗಿನಿಂದ ಒಂದು ನಿಮಿಷವೂ ರಜೆ ತಗೊಂಡಿರೋದಿಲ್ಲ. ಮೆದುಳು ನಿಷ್ಕ್ರಿಯವಾಗಿ, ಅಂಗದಾನಕ್ಕೂ ಮುಂಚೆ ವೆಂಟಿಲೇಟರ್ ಮೇಲಿದ್ದವರ ವಪೆಯನ್ನು ಪರೀಕ್ಷಿಸಿದ ಅಮೆರಿಕದ ಸಂಶೋಧಕರು 2008ರಲ್ಲಿ ವರದಿ ಪ್ರಕಟಿಸಿದರು. ಪೂರ್ತಿ ವಿಶ್ರಾಂತಿಯಲ್ಲಿ 18ರಿಂದ 69 ಗಂಟೆ ಕಳೆದಷ್ಟಕ್ಕೇ ಆ ಸ್ನಾಯುವಿನ ಎಳೆಗಳು ಅರ್ಧಕ್ಕಿಂತ ಹೆಚ್ಚು ತೆಳ್ಳಗಾಗಿದ್ದವು. ಅಂದರೆ ಜೀವ ಉಳಿಸಲು ಹಾಕಿದ ಯಂತ್ರವೇ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಪೂರ್ತಿ ಕೆಲಸ ತಾನೇ ಮಾಡಿದರೆ, ರೋಗಿಯನ್ನು ತನ್ನ ಮೇಲೇ ಅವಲಂಬಿಸುವಂತೆ ಮಾಡುತ್ತದೆ.

ನಮ್ಮ ಕಡೆ ವೆಂಟಿಲೇಟರ್ ಹತ್ತೋರು ಯಾರು?

ದೊಡ್ಡ ನಗರದ ಐಸಿಯು ಅಂದರೆ ವಯಸ್ಸಾದವರು, ಹೃದಯ, ಕಿಡ್ನಿ, ಸಕ್ಕರೆ ಕಾಯಿಲೆ ಎಲ್ಲಾ ಒಟ್ಟಿಗೆ ಬಂದವರು ಕಣ್ಣ ಮುಂದೆ ಬರುತ್ತಾರೆ. ನಮ್ಮ ಕಡೆ ಅಂಥವರ ಜೊತೆ ಬೇರೆ ಥರದ ರೋಗಿಗಳೂ ಇದ್ದಾರೆ.

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಊರಾಯಿತು. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಭತ್ತ, ಹತ್ತಿ, ಮೆಣಸಿನಕಾಯಿ ಇದ್ದಲ್ಲಿ ಕ್ರಿಮಿನಾಶಕ. ಆರ್ಗನೊಫಾಸ್ಫೇಟ್ ಗುಂಪಿನ ಕ್ರಿಮಿನಾಶಕ ದೇಹ ಸೇರಿದರೆ ಮೊದಲು ಬಾಯಿ, ಶ್ವಾಸಕೋಶದ ತುಂಬಾ ನೀರು. ಅದು ಹತೋಟಿಗೆ ಬಂತು ಅನ್ನುವಾಗ, ಒಂದರಿಂದ ನಾಲ್ಕನೇ ದಿನದ ಒಳಗೆ, ಕೆಲವರಿಗೆ ಕತ್ತು ಎತ್ತಲಾಗದೆ ಉಸಿರಾಟದ ಸ್ನಾಯುಗಳು ನಿಶ್ಶಕ್ತವಾಗುತ್ತವೆ. ಶ್ರೀಲಂಕಾದ ವೈದ್ಯರು 1987ರಲ್ಲಿ ಇದನ್ನು ಗುರುತಿಸಿ ‘ಇಂಟರ್ಮೀಡಿಯೇಟ್ ಸಿಂಡ್ರೋಮ್’ ಅಂತ ಹೆಸರಿಟ್ಟರು. ಇವರ ಜೊತೆ ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದ ಬೈಕ್ ಹುಡುಗರು, ಹೆರಿಗೆಯಾದ ಮೇಲೆ ಪರಿಸ್ಥಿತಿ ಬಿಗಡಾಯಿಸಿದ ಬಾಣಂತಿಯರು.

ಇವರಲ್ಲಿ ಹೆಚ್ಚಿನವರು ದುಡಿಯೋ ವಯಸ್ಸಿನವರು. ಹಾವು ಕಚ್ಚಿದವರ, ಕ್ರಿಮಿನಾಶಕ ಸೇರಿದವರ ವಿಚಾರದಲ್ಲಿ ಇನ್ನೊಂದು ಮಾತಿದೆ. ಅವರ ಸ್ನಾಯುವಿನ ನಿಶ್ಶಕ್ತಿ ಶಾಶ್ವತ ಅಲ್ಲ. ಕಟ್ಟುಹಾವಿನ ವಿಷ ನರದ ತುದಿಯನ್ನು ಹಾಳು ಮಾಡಿದ ಮೇಲೆ ಪ್ರತಿವಿಷ ಕೊಟ್ಟರೂ ಅದು ತಕ್ಷಣ ಸರಿಹೋಗುವುದಿಲ್ಲ. ಆದರೆ ದಿನಗಳು ಕಳೆದಂತೆ ನರದ ತುದಿ ತಾನೇ ಮತ್ತೆ ಬೆಳೆಯುತ್ತದೆ. ಕ್ರಿಮಿನಾಶಕದ ನಿಶ್ಶಕ್ತಿಯೂ ಸಾಮಾನ್ಯವಾಗಿ ಒಂದರಿಂದ ಮೂರು ವಾರದಲ್ಲಿ ಇಳಿಯುತ್ತದೆ. ಅಷ್ಟು ದಿನ ಯಾರಾದರೂ ಅವರ ಉಸಿರು ಕಾಯಬೇಕು. ಕಾದರೆ ಅವರು ಎದ್ದು ಹೊಲಕ್ಕೆ ಹೋಗುತ್ತಾರೆ.

ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಆದರೆ ಆ ಕಾಯುವ ದಿನಗಳನ್ನು ಎಲ್ಲಿ ಕಾಯಬೇಕು?

ನಿದ್ದೆ ಔಷಧಿ ಮತ್ತು ನರ್ಸ್ ಸಂಖ್ಯೆ

ಇಳಿಸೋದು ತಡವಾಗಲು ಕಾರಣ ಏನೇನು? ಮೂಲ ಕಾಯಿಲೆ ವಾಸಿಯಾಗದಿರುವುದು, ಹೊಸ ಸೋಂಕು, ಹೃದಯದ ದೌರ್ಬಲ್ಯ, ಮೈಯಲ್ಲಿ ನೀರು ನಿಲ್ಲುವುದು, ಪೊಟ್ಯಾಸಿಯಂ, ಫಾಸ್ಫೇಟ್‌ನಂಥ ಲವಣಗಳ ಏರುಪೇರು, ಪೌಷ್ಟಿಕತೆ, ರಕ್ತಹೀನತೆ, ಗೊಂದಲಗೊಂಡ ಮನಸ್ಸು. ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಅಂದರೆ ಕೆಲವರು ಆಸ್ಪತ್ರೆ ಬಾಗಿಲಿಗೆ ಬರುವಾಗಲೇ ಅರ್ಧ ಸೋತಿರುತ್ತಾರೆ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ನಿದ್ದೆ ಔಷಧಿಯ ವಿಚಾರ. ಗಂಟಲಲ್ಲಿ ಟ್ಯೂಬ್ ಇದ್ದರೆ ಯಾರಿಗಾದರೂ ಹಿಂಸೆ. ರೋಗಿ ಕೈ ಎತ್ತಿ ಟ್ಯೂಬ್ ಕಿತ್ತುಕೊಳ್ಳಬಹುದು. ಅದಕ್ಕೆ ಮಂಪರು ಔಷಧಿ ಕೊಡುತ್ತಾರೆ. ಹೆಚ್ಚು ಕೊಟ್ಟರೆ ರೋಗಿ ತಾನಾಗಿ ಉಸಿರಾಡುವುದೇ ಇಲ್ಲ. ಷಿಕಾಗೋದಲ್ಲಿ ಮಾಡಿ 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ದಿನಕ್ಕೊಮ್ಮೆ ಆ ಔಷಧಿ ನಿಲ್ಲಿಸಿ ರೋಗಿಯನ್ನು ಎಚ್ಚರಿಸಿದರು. ಅಷ್ಟಕ್ಕೇ ವೆಂಟಿಲೇಟರ್ ಮೇಲಿನ ಅವಧಿ 7.3 ದಿನದಿಂದ 4.9 ದಿನಕ್ಕೆ ಇಳಿಯಿತು. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. 50 ದೇಶಗಳ 5,869 ರೋಗಿಗಳನ್ನು ಗಮನಿಸಿ 2023ರಲ್ಲಿ ಪ್ರಕಟವಾದ ‘ವೀನ್ ಸೇಫ್’ ಅಧ್ಯಯನದಲ್ಲೂ ಆಳವಾದ ಮಂಪರಿಗೂ ಇಳಿಸುವುದು ತಡವಾಗುವುದಕ್ಕೂ ನಂಟು ಕಂಡಿತು. ಆ ಅಧ್ಯಯನದಲ್ಲಿ 90 ದಿನದೊಳಗೆ ವೆಂಟಿಲೇಟರ್‌ನಿಂದ ಯಶಸ್ವಿಯಾಗಿ ಇಳಿದವರು ಶೇ 65 ಮಾತ್ರ.

ಹಾಗಿದ್ದರೆ ಎಲ್ಲಾ ಕಡೆ ದಿನಾ ಎಚ್ಚರಿಸಬಹುದಲ್ವಾ? ಅಲ್ಲೇ ಇರೋದು ತೊಡಕು. ಎಚ್ಚರವಾದ ರೋಗಿಯ ಪಕ್ಕ ಒಬ್ಬರು ನಿಲ್ಲಬೇಕು. ಕೈ ಹಿಡಿದು ‘ಹೆದರಬ್ಯಾಡ್ರಿ, ಆಸ್ಪತ್ರಿಯಾಗ ಅದೀರಿ’ ಅನ್ನಬೇಕು. ಕಫ ತೆಗೆಯಬೇಕು, ನಾಡಿ ನೋಡಬೇಕು. ವೆಂಟಿಲೇಟರ್ ಮೇಲಿರುವ ಪ್ರತಿ ರೋಗಿಗೂ ಒಬ್ಬ ನರ್ಸ್ ಇರಬೇಕು ಅನ್ನೋದು ತೀವ್ರ ನಿಗಾ ವೈದ್ಯರ ಭಾರತೀಯ ಸಂಘಟನೆಯ ಶಿಫಾರಸು. ಒಂದು ಪಾಳಿಗೆ ಒಬ್ಬರೇ ನಾಲ್ಕೈದು ರೋಗಿಗಳನ್ನು ನೋಡಬೇಕಾದಾಗ ಏನಾಗುತ್ತದೆ? ಮಂಪರು ಇಳಿಸುವ ಧೈರ್ಯ ಯಾರಿಗೂ ಬರೋದಿಲ್ಲ. ರೋಗಿ ಮಲಗಿದ್ದರೇ ಎಲ್ಲರಿಗೂ ಕ್ಷೇಮ ಅನಿಸುತ್ತದೆ. ಔಷಧಿ ಏರುತ್ತದೆ, ಕೈ ಕಟ್ಟುತ್ತಾರೆ, ವಪೆ ತೆಳುವಾಗುತ್ತದೆ, ಇಳಿಸೋದು ಇನ್ನಷ್ಟು ದಿನ ಮುಂದೆ ಹೋಗುತ್ತದೆ.

ಖಾಲಿ ಬಿದ್ದ ನರ್ಸ್ ಹುದ್ದೆ ರೋಗಿಯ ರಕ್ತದೊಳಗೆ ಔಷಧಿಯಾಗಿ ಸೇರಿಕೊಳ್ಳೋದು ಹೀಗೆ. ಇದು ಆ ನರ್ಸ್‌ನ ತಪ್ಪಲ್ಲ. ಆರೋಗ್ಯ ಇಲಾಖೆಯ ಎನ್‌ಎಚ್‌ಎಂ ಗುತ್ತಿಗೆ ನೌಕರರು 2023ರ ಫೆಬ್ರುವರಿ, ಮಾರ್ಚ್‌ನಲ್ಲಿ ಖಾಯಮಾತಿ ಕೇಳಿ ಬೀದಿಗಿಳಿದಾಗ ನಮ್ಮಲ್ಲಿ ಎಷ್ಟು ಜನ ಅದನ್ನು ರೋಗಿಯ ಪ್ರಶ್ನೆಯಾಗಿ ನೋಡಿದೆವು? ನಾನಂತೂ ನೋಡಿರಲಿಲ್ಲ.

ಅರ್ಧ ಗಂಟೆಯ ಪರೀಕ್ಷೆ

ರೋಗಿ ಇಳಿಯಲು ತಯಾರಿದ್ದಾರಾ ಅಂತ ತಿಳಿಯೋದು ಹೇಗೆ? ಯಂತ್ರದ ನೆರವನ್ನು ತೀರಾ ಕಡಿಮೆ ಮಾಡಿ ಅಥವಾ ತೆಗೆದು, 30 ನಿಮಿಷದಿಂದ ಎರಡು ಗಂಟೆ ರೋಗಿ ತಾನೇ ಉಸಿರಾಡಲು ಬಿಡುತ್ತಾರೆ. ಸೈಕಲ್ ಕಲಿಸುವಾಗ ಹಿಂದಿನ ಸೀಟು ಹಿಡಿದ ಕೈ ಮೆಲ್ಲಗೆ ಸಡಿಲಿಸಿ, ಪಕ್ಕದಲ್ಲೇ ಓಡುವ ಹಾಗೆ. ತಡವರಿಸಿದರೆ ಮತ್ತೆ ಹಿಡಿಯಬೇಕು, ನಾಳೆ ಮತ್ತೆ ನೋಡಬೇಕು.

1991ರಲ್ಲಿ ಬಂದ ಒಂದು ಸರಳ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ನಿಮಿಷಕ್ಕೆ ಎಷ್ಟು ಉಸಿರು ಅನ್ನೋದನ್ನು, ಒಂದು ಉಸಿರಿನಲ್ಲಿ ಎಷ್ಟು ಲೀಟರ್ ಗಾಳಿ ಅನ್ನೋದರಿಂದ ಭಾಗಿಸಿ. ನಿಮಿಷಕ್ಕೆ 24 ಉಸಿರು, ಪ್ರತಿ ಉಸಿರಿಗೆ 400 ಮಿಲಿ ಆದರೆ ಉತ್ತರ 60. ನಿಮಿಷಕ್ಕೆ 40 ಉಸಿರು, 200 ಮಿಲಿ ಆದರೆ 200. ಉತ್ತರ 105 ದಾಟಿದರೆ ರೋಗಿ ಮೇಲುಸಿರಿನಲ್ಲಿ ಏದುತ್ತಿದ್ದಾರೆ ಅಂತ, ಈಗಲೇ ಇಳಿಸಿದರೆ ಸೋಲುವ ಸಾಧ್ಯತೆ ಹೆಚ್ಚು. ಇದೊಂದೇ ಸಾಲದು. ಕೆಮ್ಮಲು ಶಕ್ತಿ ಇದೆಯಾ, ಕಫ ಎಷ್ಟಿದೆ, ಹೇಳಿದ ಮಾತು ಕೇಳಿ ಕಣ್ಣು ತೆರೆಯುತ್ತಾರಾ ಎಲ್ಲವನ್ನೂ ನೋಡಬೇಕು. ಹಾವು ಕಚ್ಚಿದವರನ್ನು, ಕ್ರಿಮಿನಾಶಕ ಸೇರಿದವರನ್ನು ‘ತಲಿ ಎತ್ತಿ ಹಿಡೀರಿ’ ಅಂತ ಕೇಳುತ್ತಾರೆ. ಕತ್ತು ನಿಂತರೆ ಉಸಿರೂ ನಿಲ್ಲಬಹುದು ಅನ್ನೋ ಭರವಸೆ.

ಈ ಪರೀಕ್ಷೆಗೆ ದೊಡ್ಡ ತಜ್ಞರೇ ಬೇಕಾ? ಅಮೆರಿಕದಲ್ಲಿ 1996ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ನರ್ಸ್‌ಗಳು ಮತ್ತು ಉಸಿರಾಟದ ಥೆರಪಿಸ್ಟ್‌ಗಳೇ ದಿನಾ ಬೆಳಗ್ಗೆ ಪಟ್ಟಿ ಹಿಡಿದು ಪ್ರತಿ ರೋಗಿಯನ್ನು ಪರೀಕ್ಷಿಸಿ, ಪಾಸಾದವರ ಹೆಸರು ವೈದ್ಯರಿಗೆ ಹೇಳಿದರು. ಆರು ದಿನದ ವೆಂಟಿಲೇಟರ್ ನಾಲ್ಕೂವರೆ ದಿನಕ್ಕೆ ಇಳಿಯಿತು. ಒಂದೂವರೆ ದಿನ ಅಂದರೆ ಏನು ಅಂತ ಐಸಿಯು ಹೊರಗೆ ಕೂತು ಬಿಲ್ ಕಟ್ಟಿದವರನ್ನು ಕೇಳಿ.

ಮಾವನ ವಿಷಯದಲ್ಲೂ ಹೀಗೇ ಆಯಿತು. ಹತ್ತನೇ ರಾತ್ರಿ ಪಾಳಿಯಲ್ಲಿದ್ದ ನರ್ಸ್ ಒಬ್ಬರು ಮಾವ ಕಣ್ಣುರೆಪ್ಪೆ ಪೂರ್ತಿ ಎತ್ತಿದ್ದನ್ನೂ, ದಿಂಬಿನಿಂದ ತಲೆ ಒಂದಿಷ್ಟು ಎತ್ತಿದ್ದನ್ನೂ ನೋಡಿ ಬರೆದಿಟ್ಟಿದ್ದರು. ಬೆಳಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್ ಅದನ್ನು ಓದಿ ಪರೀಕ್ಷೆ ಶುರು ಮಾಡಿದರು. ಆ ಟಿಪ್ಪಣಿ ಇಲ್ಲದಿದ್ದರೆ ಇನ್ನೂ ಒಂದು ದಿನವೋ ಎರಡು ದಿನವೋ ಹೋಗುತ್ತಿತ್ತು.

ಯಂತ್ರ ಎಣಿಸಿದ ಕಾಲ

ಇವತ್ತಿನ ಐಸಿಯು ಹುಟ್ಟಿದ ಕಥೆಯಲ್ಲೂ ಮುಂದೆ ನಿಂತದ್ದು ಮನುಷ್ಯರೇ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿ ಉಸಿರಾಟ ನಿಂತವರಿಗೆ ಯಂತ್ರಗಳು ಸಾಲಲಿಲ್ಲ. ಬ್ಯೋರ್ನ್ ಇಬ್ಸನ್ ಅನ್ನೋ ಅರಿವಳಿಕೆ ವೈದ್ಯರು ಗಂಟಲಿಗೆ ಟ್ಯೂಬ್ ಹಾಕಿ ಕೈಯಿಂದ ಬ್ಯಾಗ್ ಒತ್ತುವ ದಾರಿ ತೋರಿಸಿದರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಹಗಲೂ ರಾತ್ರಿ, ತಿಂಗಳುಗಟ್ಟಲೆ ಬ್ಯಾಗ್ ಒತ್ತಿದರು. ನಮ್ಮ ಮಾವನನ್ನು ಆಂಬುಲೆನ್ಸ್‌ನಲ್ಲಿ ಕರೆದೊಯ್ದ ನರ್ಸ್ ಮಾಡಿದ್ದೂ ಅದನ್ನೇ.

ಕೋವಿಡ್ ಬಂದಾಗ ನಾವು ಇದನ್ನು ಉಲ್ಟಾ ಮಾಡಿದೆವು. 2020ರ ಮೇ ತಿಂಗಳಲ್ಲಿ ಪಿಎಂ ಕೇರ್ಸ್‌ನಿಂದ 2,000 ಕೋಟಿ ರೂಪಾಯಿ ಕೊಟ್ಟು 50,000 ವೆಂಟಿಲೇಟರ್ ಖರೀದಿಸುವ ಘೋಷಣೆಯಾಯಿತು. ಅದರಲ್ಲಿ 30,000 ತಯಾರಿಸುವ ಹೊಣೆ ಬೆಂಗಳೂರಿನ ಬಿಇಎಲ್‌ದು, ವಿನ್ಯಾಸ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯದು. ಇಂಜಿನಿಯರ್ ಆಗಿ ನನಗೆ ಅದು ಹೆಮ್ಮೆಯ ವಿಷಯವೇ. ಅಷ್ಟು ಕಡಿಮೆ ಸಮಯದಲ್ಲಿ ಅಷ್ಟು ಯಂತ್ರ ಮಾಡೋದು ಹುಡುಗಾಟ ಅಲ್ಲ.

ಆದರೆ ಮರುವರ್ಷ, ಎರಡನೇ ಅಲೆ ಉಚ್ಛ್ರಾಯದಲ್ಲಿದ್ದಾಗ, 2021ರ ಮೇ 15ರಂದು ಪ್ರಧಾನಿಯೇ ವೆಂಟಿಲೇಟರ್‌ಗಳ ಅಳವಡಿಕೆ ಮತ್ತು ಬಳಕೆಯ ಬಗ್ಗೆ ಆಡಿಟ್ ಮಾಡಲು ಹೇಳಬೇಕಾಯಿತು. ಕೆಲವು ರಾಜ್ಯಗಳಲ್ಲಿ ಅವು ಗೋದಾಮಿನಲ್ಲೇ ಇವೆ ಅನ್ನೋ ವರದಿಗಳು ಬಂದಿದ್ದವು. ಅದಕ್ಕೂ ಒಂದು ತಿಂಗಳ ಹಿಂದೆ, ಏಪ್ರಿಲ್ 17ಕ್ಕೆ, ನಮ್ಮ ಮಸ್ಕಿಯಲ್ಲಿ ಉಪಚುನಾವಣೆ ನಡೆದಿತ್ತು. ಎರಡನೇ ಅಲೆ ಏರುತ್ತಿದ್ದಾಗಲೇ ಊರೂರಿನಲ್ಲಿ ಸಭೆ, ಮೆರವಣಿಗೆ. ನೀರಾವರಿಯ 5ಎ ಕಾಲುವೆ ಚುನಾವಣೆಯ ವಿಷಯವಾಯಿತು, ಆಗಲೇಬೇಕಿತ್ತು. ಉಸಿರಾಟದ ಹೊತ್ತಿನಲ್ಲಿ ಆಸ್ಪತ್ರೆ ಅಷ್ಟು ದೊಡ್ಡ ವಿಷಯ ಆಗಲಿಲ್ಲ.

ಯಂತ್ರ ಇದ್ದರೆ ಸಾಲದು ಅನ್ನೋದಕ್ಕೆ ಪಕ್ಕದ ಬಳ್ಳಾರಿಯ ಪಾಠವೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ವಿಮ್ಸ್ ಐಸಿಯುನಲ್ಲಿ ವಿದ್ಯುತ್ ಕೈಕೊಟ್ಟಿದ್ದರಿಂದ ವೆಂಟಿಲೇಟರ್ ಮೇಲಿದ್ದ ರೋಗಿಗಳು ಸತ್ತರು ಅನ್ನೋ ಆರೋಪ ಬಂತು. ಸಾವಿಗೆ ಅದು ಕಾರಣವಲ್ಲ ಅಂತ ಸರ್ಕಾರ ಹೇಳಿತು, ವಿಧಾನಸಭೆಯಲ್ಲಿ ಗದ್ದಲವಾಯಿತು, ತನಿಖಾ ಸಮಿತಿ ನೇಮಕವಾಯಿತು. ವೆಂಟಿಲೇಟರ್ ಹಿಂದೆ ಆಮ್ಲಜನಕ, ಜನರೇಟರ್, ಬ್ಯಾಟರಿ, ಬಯೋಮೆಡಿಕಲ್ ಟೆಕ್ನೀಷಿಯನ್, ರಕ್ತದಲ್ಲಿನ ಅನಿಲ ಅಳೆಯುವ ಎಬಿಜಿ ಯಂತ್ರ, ರಾತ್ರಿಯೂ ತೆರೆದಿರುವ ಲ್ಯಾಬ್ ಎಲ್ಲಾ ಸಾಲಾಗಿ ನಿಂತಿರಬೇಕು. ಅದರಲ್ಲಿ ಒಂದು ಕೊಂಡಿ ಕಳಚಿದರೂ ಉಳಿದದ್ದೆಲ್ಲಾ ವ್ಯರ್ಥ.

ಇಳಿಯೋದಕ್ಕೆ ಇನ್ನೊಂದು ದಾರಿ

ಮಾವನ ಪಕ್ಕದ ಬೆಡ್‌ನಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಇದ್ದ. ಕ್ರಿಮಿನಾಶಕದ ಕೇಸು. ಆರನೇ ದಿನಕ್ಕೆ ಕೈ ಬೆರಳು ಆಡಿಸುತ್ತಿದ್ದ. ಇನ್ನೂ ಒಂದು ವಾರ ಬೇಕಾಗಬಹುದು ಅಂತ ಡಾಕ್ಟರ್ ಹೇಳಿದರು. ಅವನ ಅಪ್ಪ ನಮ್ಮ ಬೆಂಚಿನಲ್ಲೇ ಕೂತು ಯಾರ‍್ಯಾರಿಗೋ ಫೋನ್ ಮಾಡಿದರು. ಏಳನೇ ದಿನ ಮಧ್ಯಾಹ್ನ ಒಂದು ಕಾಗದಕ್ಕೆ ಸಹಿ ಹಾಕಿದರು. ‘ಇರೋದೆಲ್ಲಾ ಮುಗೀತ್ರಿ. ಇನ್ನ ದೇವರು ಇಟ್ಟಂಗ’ ಅಂದರು. ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್ ಅಂತ ಅದಕ್ಕೆ ಹೆಸರು.

ಆ ಹುಡುಗ ಏನಾದ ಅಂತ ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ಮಾವನಿಗೂ ಅವನಿಗೂ ಇದ್ದ ವ್ಯತ್ಯಾಸ ಇಷ್ಟೇ. ನಮ್ಮ ಮನೆಯಲ್ಲಿ ಅಡವಿಡಲು ಎರಡು ಎಕರೆ ಹೊಲ ಇತ್ತು, ಬೆಂಗಳೂರಿನಲ್ಲಿ ಸಂಬಳ ಬರುವ ನಾನಿದ್ದೆ. ವೈದ್ಯಕೀಯ ಪುಸ್ತಕಗಳ ಪಟ್ಟಿಯಲ್ಲಿ ವಪೆ ಇದೆ, ಮಂಪರು ಇದೆ, ಲವಣಾಂಶ ಇದೆ. ಹೊಲದ ಪಹಣಿ ಇಲ್ಲ.

ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಚೇತರಿಕೆಯ ಭರವಸೆಯೇ ಇಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು, ಸುಪ್ರೀಂ ಕೋರ್ಟ್ ಹೇಳಿದ ಕ್ರಮದಂತೆ, ಎರಡು ಹಂತದ ವೈದ್ಯಕೀಯ ಮಂಡಳಿ ಪರಿಶೀಲಿಸಿ ನಿಲ್ಲಿಸಬಹುದು ಅನ್ನುವ ಆದೇಶ. ಘನತೆಯ ಸಾವಿನ ಹಕ್ಕು. ನಾನು ಅದನ್ನು ಸ್ವಾಗತಿಸುತ್ತೇನೆ. ಆದರೆ ಭರವಸೆ ಇಲ್ಲದವರಿಗೆ ಎರಡು ಮಂಡಳಿ ಕೂರುವಾಗ, ಭರವಸೆ ಇರೋ ಹುಡುಗನ ಯಂತ್ರ ಬಿಡಿಸಲು ಅಪ್ಪನ ಒಂದು ಸಹಿ ಸಾಕಾಗುತ್ತದೆ. ಆ ಸಹಿಯನ್ನು ಬಡತನ ಹಾಕಿಸುತ್ತದೆ, ಯಾವ ಮಂಡಳಿಯೂ ಅದನ್ನು ಪರಿಶೀಲಿಸೋದಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಆದರೆ ಆಂಬುಲೆನ್ಸ್ ಎಲ್ಲಿ ಬೆಡ್ ಸಿಕ್ಕಿತೋ ಅಲ್ಲಿಗೆ ಓಡುತ್ತದೆ. ಆ ಆಸ್ಪತ್ರೆ ಯೋಜನೆಯಲ್ಲಿ ಇಲ್ಲದಿದ್ದರೆ ಕಾರ್ಡ್ ಜೇಬಲ್ಲೇ ಉಳಿಯುತ್ತದೆ. ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ರಾಯಚೂರಿನ ರಿಮ್ಸ್‌ಗೆ ಎಂಬತ್ತು, ತೊಂಬತ್ತು ಕಿಲೋಮೀಟರ್. ಉಸಿರು ನಿಲ್ಲುತ್ತಿರುವಾಗ ಕಾರ್ಡ್ ನಡೆಯೋ ಆಸ್ಪತ್ರೆ ಯಾವುದು ಅಂತ ಯಾರು ಹುಡುಕುತ್ತಾರೆ?

ಹಾಗಾದರೆ ಏನು ಕೇಳಬೇಕು?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಇತ್ತು. ಸಿಂಧನೂರು, ಲಿಂಗಸುಗೂರು ಎರಡೂ ಅದರಲ್ಲಿದ್ದವು. ಮಸ್ಕಿ ಆಗಿನ್ನೂ ತಾಲ್ಲೂಕೇ ಆಗಿರಲಿಲ್ಲ. ಆಮೇಲೆ 371ಜೆ ಬಂತು, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು, ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಬಂತು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ 13ರಿಂದ ನಡೆದ ಧರಣಿ ಸಾವಿರ ದಿನ ದಾಟಿತು. ಕೇಂದ್ರದ ಪಿಎಂ ಅಭೀಮ್ ಯೋಜನೆಯಲ್ಲಿ 602 ಜಿಲ್ಲೆಗಳಿಗೆ ಕ್ರಿಟಿಕಲ್ ಕೇರ್ ಬ್ಲಾಕ್‌ಗಳ ಭರವಸೆ ಇದೆ.

ಏಮ್ಸ್ ಬೇಕು, ನಾನೂ ಆ ಬೇಡಿಕೆಯ ಪರ. ಆದರೆ ಏಮ್ಸ್ ರಾಯಚೂರಿಗೆ ಬಂದರೂ ಕಟ್ಟುಹಾವು ಕಚ್ಚೋದು ಮಸ್ಕಿಯ ಹೊಲದಲ್ಲೇ. ಕಾಲುವೆ ಎಷ್ಟೇ ದೊಡ್ಡದಿರಲಿ, ಕೊನೆ ಭಾಗಕ್ಕೆ ನೀರು ಬಂತಾ ಅಂತ ಕೇಳೋದು ನಮ್ಮ ಕಡೆಯ ರೈತರ ಅಭ್ಯಾಸ. ಆಸ್ಪತ್ರೆಗೂ ಅದೇ ಪ್ರಶ್ನೆ ಕೇಳಬೇಕು.

ಬೇಕಾದದ್ದು ಕನಸಿನ ಪಟ್ಟಿಯಲ್ಲ. ಮೂರು ತಾಲ್ಲೂಕಿಗೆ ಸೇರಿ ಕನಿಷ್ಠ ಒಂದು ಕಡೆ ನಿಜವಾಗಿ ನಡೆಯುವ ಐಸಿಯು. ಅಲ್ಲಿ ಪ್ರತಿ ವೆಂಟಿಲೇಟರ್‌ಗೆ, ಪ್ರತಿ ಪಾಳಿಗೆ ತರಬೇತಿ ಪಡೆದ ಖಾಯಂ ನರ್ಸ್. ಒಬ್ಬ ಫಿಸಿಯೋಥೆರಪಿಸ್ಟ್. ಸಿಸೇರಿಯನ್ ಕೋಣೆಗೂ ಐಸಿಯುಗೂ ಒಬ್ಬರೇ ಓಡಾಡದಂತೆ ಇನ್ನೊಬ್ಬ ಅರಿವಳಿಕೆ ತಜ್ಞರು. ದಿನಾ ಬೆಳಗ್ಗೆ ಎಚ್ಚರಿಸಿ, ಪರೀಕ್ಷಿಸಿ, ಬರೆದಿಡುವ ಒಂದು ಪುಟದ ಕನ್ನಡ ಪಟ್ಟಿ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ತಜ್ಞರು ವಿಡಿಯೋದಲ್ಲಿ ಜಿಲ್ಲೆಗಳ ಐಸಿಯು ರೌಂಡ್ಸ್ ಮಾಡುತ್ತಿದ್ದರು. ಆ ಟೆಲಿ ಐಸಿಯು ವ್ಯವಸ್ಥೆ ನಮ್ಮ ತಾಲ್ಲೂಕುಗಳಿಗೂ ದಿನಾ ತಲುಪಬೇಕು. ಮತ್ತೆ, ಹಣ ಮುಗಿದು ಡಿಸ್ಚಾರ್ಜ್ ಕೇಳುವ ಪ್ರತಿ ವೆಂಟಿಲೇಟರ್ ರೋಗಿಯನ್ನು ಸಹಿಗೂ ಮುಂಚೆ ಸರ್ಕಾರಿ ಬೆಡ್‌ಗೆ ವರ್ಗಾಯಿಸುವ ಹೊಣೆ ಯಾರದ್ದಾದರೂ ಆಗಬೇಕು.

ಇದನ್ನು ಕೇಳೋದು ಹೇಗೆ? ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದ ಒಳಗೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ವೆಂಟಿಲೇಟರ್ ಇವೆ ಅಂತ ಮಾತ್ರ ಕೇಳಬೇಡಿ, ಅದಕ್ಕೆ ಅವರು ಖುಷಿಯಿಂದ ಉತ್ತರ ಕೊಡುತ್ತಾರೆ. ಕಳೆದ ವರ್ಷ ಎಷ್ಟು ಜನರನ್ನು ವೆಂಟಿಲೇಟರ್‌ಗೆ ಹಾಕಿದಿರಿ? ಎಷ್ಟು ಜನ ಜೀವಂತ ಇಳಿದರು? ಎಷ್ಟು ಜನರಿಗೆ ಮತ್ತೆ ಟ್ಯೂಬ್ ಹಾಕಬೇಕಾಯಿತು? ಎಷ್ಟು ಜನರನ್ನು ಬೇರೆಡೆಗೆ ಕಳಿಸಿದಿರಿ? ಎಷ್ಟು ಜನ ಸಲಹೆ ಮೀರಿ ಮನೆಗೆ ಹೋದರು? ರಾತ್ರಿ ಪಾಳಿಯಲ್ಲಿ ಎಷ್ಟು ನರ್ಸ್? ಈ ಆರು ಸಂಖ್ಯೆ ಸಿಕ್ಕರೆ ನಮ್ಮ ಶಾಸಕರ ಹತ್ತಿರ ಮಾತಾಡಲು ಬೇರೆ ಭಾಷಣ ಬೇಕಿಲ್ಲ. ‘ದಾಖಲೆ ಇಟ್ಟಿಲ್ಲ’ ಅಂತ ಉತ್ತರ ಬಂದರೆ ಅದೂ ಒಂದು ಉತ್ತರವೇ, ಅದನ್ನೂ ಪ್ರಕಟಿಸೋಣ.

ಪಕ್ಕದ ಬೆಡ್‌ನ ಹುಡುಗನಂಥವರು ಆ ಬೆಡ್‌ವರೆಗೂ ಬಾರದಿರಲಿ ಅನ್ನೋ ಆಸೆ ಎಲ್ಲದಕ್ಕಿಂತ ಮೊದಲು. ನಿಮಗೋ ನಿಮ್ಮ ಗೆಳೆಯರಿಗೋ ಮನಸ್ಸು ತೀರಾ ಕುಸಿದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹನ್ನೊಂದನೇ ದಿನ ಮಧ್ಯಾಹ್ನ ಮಾವನ ಟ್ಯೂಬ್ ತೆಗೆದರು. ಮೊದಲ ಮಾತು ಗೊಗ್ಗರು ದನಿಯಲ್ಲಿ, ಅತ್ತಿಯ ಕಡೆ ನೋಡುತ್ತಾ, ‘ನೀರು ಬಿಟ್ರೇನು ಹೊಲಕ್ಕ?’ ಅತ್ತಿ ಅಳುತ್ತಲೇ ಬೈದರು. ಈಗ ಮಾವ ಹೊಲದಲ್ಲಿ ಮಂಚದ ಮೇಲೆ, ಸೊಳ್ಳೆ ಪರದೆಯೊಳಗೆ ಮಲಗುತ್ತಾರೆ. ಅಡವಿಟ್ಟ ಎರಡು ಎಕರೆ ಇನ್ನೂ ಬಿಡಿಸಿಕೊಂಡಿಲ್ಲ.